ಎರಡನೇ ಕೋಣೆಯ ಗಾಳಿ

ಕಮಲಾಪುರ
ಶುಕ್ರವಾರ, ೧೦-೧೦-೨೦೨೫

ಪ್ರೀತಿಯ ತುಕಾರಾಮ ಕಾಕಾ,

ಜೈ ಭೀಮ. ಮೊದಲು ನಿನ್ನ ಮೈ ಹೇಗಿದೆ ಹೇಳು. ಎಡ ಮೊಣಕಾಲಿನ ನೋವು ಕಡಿಮೆಯಾಗಿದೆಯೆ? ಸೊಲ್ಲಾಪುರದಲ್ಲಿ ನೀನು ಕಾವಲಿಗಿರುವ ಕಟ್ಟಡಕ್ಕೆ ಇನ್ನೂ ಕಿಟಕಿ ಕೂರಿಸಿಲ್ಲವಂತೆ, ಬರೀ ಗೋಣಿ ಹಾಸಿಕೊಂಡು ಮಲಗುತ್ತೀಯಂತೆ. ಕಪನೂರಿನ ಗೋದಾಮಿನ ಲಾರಿ ಡ್ರೈವರ್ ಗುಫ್ರಾನ್ ಹೇಳಿದ. ಅಲ್ಲಿಗೆ ಸಾಮಾನು ಇಳಿಸಲು ಹೋದಾಗ ನಿನ್ನನ್ನು ಕಂಡನಂತೆ. "ಚಾಚಾ ಭಾಳ ಸೊರಗ್ಯಾನ, ಸುಜಾತಾ. ಚಾ ಬಿಟ್ಟು ಏನೂ ಮುಟ್ಟಂಗಿಲ್ಲ. ಯಾರ ಜೋಡೀನೂ ಮಾತಾಡಂಗಿಲ್ಲ" ಎಂದ. ನಿನ್ನ ಮೊಬೈಲು ಮೇ ತಿಂಗಳಿಂದ ಬಂದ್ ಇದೆ. ಗುಫ್ರಾನ್ ಒಂದು ಚೀಟಿಯಲ್ಲಿ ಬರೆದುಕೊಟ್ಟ ಪತ್ತೆಯನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ನೀನು ಬೆರಳಿಟ್ಟು ನಿಧಾನವಾಗಿ ಓದುತ್ತೀ ಎಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಇನ್ನೊಬ್ಬರ ಕೈಲಿ ಓದಿಸಿದರೂ ನನ್ನ ಅಡ್ಡಿಯಿಲ್ಲ. ಇದನ್ನು ನಾಲ್ಕು ಜನ ಕೇಳಿದರೆ ಒಳ್ಳೆಯದೇ.

ಇಲ್ಲಿ ಅವ್ವ ಆರಾಮ ಇದ್ದಾಳೆ. ಬಾಳೆತೋಟದ ಕೂಲಿಗೆ ಈಗಲೂ ಹೋಗುತ್ತಾಳೆ, ಬೇಡವೆಂದರೆ ಕೇಳುವುದಿಲ್ಲ. ಈ ಸಲ ಮಳೆ ಹೆಚ್ಚಾಗಿ ತೊಗರಿಯೆಲ್ಲ ಹಳದಿ ಬಿದ್ದಿದೆ, ಕೆಂಪು ಬಾಳೆ ಮಾತ್ರ ಚೆನ್ನಾಗಿ ಬಂದಿದೆ. ಸೆಪ್ಟೆಂಬರಿನಿಂದ ನಾನೂ ಕಮಲಾಪುರದಲ್ಲೇ ಇದ್ದು ಹೈಸ್ಕೂಲು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೇನೆ. ಕಪನೂರಿನ ಕೆಲಸ ಬಿಟ್ಟೆ. ಯಾಕೆ ಬಿಟ್ಟೆ ಎಂಬುದು ಮುಂದೆ ತಿಳಿಯುತ್ತದೆ.

ಅವ್ವ ಎರಡು ಸಲ ಬಂದು ಇಣುಕಿ ಹೋದಳು. ಸುತ್ತಿ ಬಳಸಿ ಹೇಳಿದರೆ ಮತ್ತೆ ಎಲ್ಲೋ ತಪ್ಪಿಸಿಕೊಳ್ಳುತ್ತೇನೆ ಎಂಬ ಹೆದರಿಕೆ ನನಗಿದೆ, ಅದಕ್ಕೆ ನೇರವಾಗಿ ಬರೆಯುತ್ತೇನೆ. ಮಾರ್ಚ್ ಹತ್ತೊಂಬತ್ತರಂದು ಗೋದಾಮಿನ ಎರಡನೇ ಕೋಣೆಯಲ್ಲಿ ನೀನು ಬಿದ್ದೆಯಲ್ಲ, ಅಂದು ನೀನು ಕುಡಿದಿರಲಿಲ್ಲ ಕಾಕಾ. ಒಂದು ಹನಿಯೂ ಕುಡಿದಿರಲಿಲ್ಲ. ಅದು ನನಗೆ ಅಂದೇ ಗೊತ್ತಿತ್ತು.

ಅಪ್ಪ ತೀರಿಕೊಂಡಾಗ ನನಗೆ ಏಳು ವರ್ಷ. ನೀನು ಬಂದು ಅವ್ವನಿಗೆ "ವೈನಿ, ಈ ಕೂಸು ಸಾಲಿ ಬಿಡಬಾರದು" ಎಂದು ಹೇಳಿ ನನ್ನನ್ನು ಕಲಬುರಗಿಯ ಕೋಟನೂರಿನ ನಿನ್ನ ಮನೆಗೆ ಕರೆದುಕೊಂಡು ಹೋದೆ. ಶೇವಂತಾ ಕಾಕಿ ನನ್ನ ತಲೆ ಬಾಚಿದಳು, ನೀನು ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿ ಓದಿಸಿದೆ. ನೀನು ಕುಡಿಯುತ್ತಿದ್ದ ದಿನಗಳನ್ನೂ ನಾನು ಮರೆತಿಲ್ಲ. ಕಾಕಿಯ ಮುಂಗೈಯಲ್ಲಿ ಆ ಹೊಲಿಗೆಯ ಗುರುತು ಇನ್ನೂ ಇದೆ. ಆಮೇಲೆ ಒಂದು ದಿನ ಬುದ್ಧ ವಿಹಾರದಲ್ಲಿ ಬಿಳಿ ಅಂಗಿ ಹಾಕಿಕೊಂಡು ಕೂತು ಪಂಚಶೀಲ ತೆಗೆದುಕೊಂಡೆ. ಅದಾಗಿ ಒಂಬತ್ತು ವರ್ಷ ನೀನು ಸಾರಾಯಿ ಕಡೆ ತಿರುಗಿ ನೋಡಲಿಲ್ಲ. ಮದುವೆ ಮನೆಗಳಲ್ಲಿ ಹಳೆಯ ಗೆಳೆಯರು ತೋಳು ಹಿಡಿದು ಎಳೆದರೂ "ಇಲ್ರಪಾ, ಶೀಲ ತಗೊಂಡೀನಿ" ಎಂದು ಕೈ ಮುಗಿದು ಬರುತ್ತಿದ್ದೆ. ಕೋಟನೂರಿನ ನಮ್ಮ ಸಣ್ಣ ವಿಹಾರದಲ್ಲಿ ಭಾನುವಾರ ಚಾಪೆ ಹಾಸುವವನೂ ನೀನೇ, ಎಲ್ಲರೂ ಹೋದ ಮೇಲೆ ಸುತ್ತಿಡುವವನೂ ನೀನೇ. ಇಂಥವನ ಒಂಬತ್ತು ವರ್ಷವನ್ನು ನಾನು ಒಂದೇ ಮಾತಿನಲ್ಲಿ ಕೆಡಿಸಿದೆ.

ಕಪನೂರಿಗೆ ಬಂದ ಹೊಸದರಲ್ಲಿ ನಡೆದದ್ದು ನಿನಗೆ ನೆನಪಿರಬಹುದು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಹಣ್ಣು ಮಾಗಿಸುವ ಆ ಗೋದಾಮಿನಲ್ಲಿ ಮೇಲ್ವಿಚಾರಣೆಯ ಕೆಲಸ ಸಿಕ್ಕಿತ್ತು. ಆರು ತಿಂಗಳಿಗೆ ನೀನೂ ಹಮಾಲಿ ಬಿಟ್ಟು ಅಲ್ಲಿಗೇ ಸೇರಿದೆ. ಮನೆಯಲ್ಲಿ ಸುಜೂ ಎನ್ನುವವನು ಅಲ್ಲಿ ಎಲ್ಲರೆದುರು ನಗು ನುಂಗಿಕೊಂಡು "ಮೇಡಂ" ಎಂದು ಕರೆಯುತ್ತಿದ್ದೆ. ಒಂದು ದಿನ ಕ್ರೇಟಿನ ನಡುವೆ ಕೈ ತೂರಿಸಿ, "ಸುಜೂ, ಈ ಬಾಳಿಹಣ್ಣಿಗಿ ಜ್ವರ ಬಂದಾವೇನು? ಕ್ವಾಣಿ ಇಷ್ಟು ತಂಪದ, ಇವು ನೋಡಿದ್ರ ಒಳಗ ಬೆಚ್ಚಗ ಅವ" ಎಂದೆ. ಯಾವ ಪುಸ್ತಕವೂ ಇಲ್ಲದೆ ಬರೀ ಕೈಯಿಂದ ನೀನು ಅದನ್ನು ಕಂಡುಹಿಡಿದಿದ್ದೆ. ನಾನು ಜಂಬದಿಂದ ಪಾಠ ಹೇಳಿದೆ. ಗಿಡದಿಂದ ಕಡಿದ ಮೇಲೂ ಕಾಯಿ ಸಾಯುವುದಿಲ್ಲ, ಅದು ಉಸಿರಾಡುತ್ತದೆ, ಆ ಉಸಿರಿನ ಬಿಸಿ ಅದು ಎಂದೆ. ನೀನು ಹುಬ್ಬೇರಿಸಿ "ಹಂಗಾದ್ರ ಇವೂ ನಮ್ಮಂಗೇ ಅನ್ನು" ಎಂದು ನಕ್ಕಿದ್ದೆ.

ಅಂದು ಹೇಳಿದ್ದು ಅರ್ಧ ಪಾಠ ಮಾತ್ರ. ಇನ್ನರ್ಧ ಈಗ ಹೇಳುತ್ತೇನೆ, ಯಾಕೆಂದರೆ ಅದರಲ್ಲೇ ನಿನ್ನ ಬಿಡುಗಡೆ ಇದೆ. ನಮ್ಮ ಮೈಯಾಗಲಿ ಬಾಳೆಕಾಯಿಯಾಗಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆದದ್ದು. ನಾವು ಉಂಡ ರೊಟ್ಟಿ ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗಿ ರಕ್ತದಲ್ಲಿ ಸೇರಿ ಒಂದೊಂದು ಕೋಶಕ್ಕೂ ಹೋಗುತ್ತದೆ. ಕೋಶದೊಳಗೆ ಮೈಟೊಕಾಂಡ್ರಿಯ ಎಂಬ ಇನ್ನೂ ಸಣ್ಣ ಒಲೆಗಳಿವೆ. ನಾವು ಒಳಗೆ ಎಳೆದುಕೊಂಡ ಗಾಳಿಯ ಆಮ್ಲಜನಕವೂ ಅಲ್ಲಿಗೇ ಹೋಗುತ್ತದೆ. ಸಕ್ಕರೆ ಅಲ್ಲಿ ಉರಿಯಿಲ್ಲದೆ, ಹೊಗೆಯಿಲ್ಲದೆ, ಹಂತ ಹಂತವಾಗಿ ಉರಿದು ಶಕ್ತಿ ಕೊಡುತ್ತದೆ. ನಾವು ಕೈ ಎತ್ತುವುದು, ನಡೆಯುವುದು, ಯೋಚನೆ ಮಾಡುವುದು ಎಲ್ಲವೂ ಆ ಶಕ್ತಿಯಿಂದ. ಉರಿದು ಉಳಿಯುವುದು ನೀರು, ಬಿಸಿ, ಮತ್ತು ನಾವು ಹೊರಗೆ ಬಿಡುವ ಇಂಗಾಲದ ಡೈಆಕ್ಸೈಡು. ಬಾಳೆಕಾಯಿ ತನ್ನಲ್ಲೇ ಕೂಡಿಟ್ಟ ಹಿಟ್ಟನ್ನು ಸಕ್ಕರೆ ಮಾಡಿ ಹೀಗೆಯೇ ಉರಿಸುತ್ತದೆ. ಮಾಗುವ ದಿನಗಳಲ್ಲಂತೂ ಅದರ ಉಸಿರು ನಾಲ್ಕು ಪಟ್ಟು ಐದು ಪಟ್ಟು ಏರುತ್ತದೆ. ಒಂದು ಕೋಣೆಯಲ್ಲಿ ಹತ್ತು ಟನ್ ಕಾಯಿ ತುಂಬಿ ಬಾಗಿಲು ಹಾಕಿದರೆ ಅಷ್ಟೂ ಕೂಡಿ ಒಳಗಿನ ಆಮ್ಲಜನಕವನ್ನು ತಿಂದು ಹಾಕುತ್ತವೆ, ಕೆಟ್ಟ ಗಾಳಿಯನ್ನು ತುಂಬುತ್ತವೆ. ಅದಕ್ಕೇ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಅರ್ಧ ಗಂಟೆ ಬಾಗಿಲು ತೆರೆದಿಡಬೇಕು, ತೆರೆದು ಕಾಲು ಗಂಟೆಯಾಗುವ ತನಕ ಯಾರೂ ಒಳಗೆ ಹೋಗಬಾರದು. ಈ ನಿಯಮ ಗೋಡೆಗೆ ಅಂಟಿಸಿದ್ದವಳು ನಾನೇ.

ಅದು ರಂಜಾನ್ ತಿಂಗಳು. ಸಂಜೆ ರೋಜಾ ಬಿಡುವ ಹೊತ್ತಿಗೆ ಊರಿಗೆಲ್ಲ ಬಾಳೆಹಣ್ಣು ಬೇಕು. ಎರಡನೇ ಕೋಣೆಯ ಗಾಳಿ ಎಳೆಯುವ ಫ್ಯಾನು ಸುಟ್ಟುಹೋಗಿತ್ತು. ಮಾಲೀಕ ಸುನೀಲಕುಮಾರ ಸಾವ್ಕಾರರಿಗೆ ಹೇಳಿದಾಗ, "ಹಬ್ಬ ಮುಗೀಲಿ, ಮಾಡಿಸೋಣು. ಅಲ್ಲೀತನಕ ಬಾಗಲ ತೆಗದು ಸಂಭಾಳಿಸ್ರಿ" ಎಂದಿದ್ದರು. ಆದರೆ ನಮ್ಮ ತಂಪಿನ ಮಷಿನು ಹಳೆಯದು, ಹೊರಗೆ ನಲವತ್ತು ಡಿಗ್ರಿ ಬಿಸಿಲು. ಒಮ್ಮೆ ಬಾಗಿಲು ತೆರೆದರೆ ಮತ್ತೆ ತಂಪಾಗಲು ಎರಡು ಗಂಟೆ ಬೇಕು. ಹಿಂದಿನ ಲೋಡು ಹೀಗೆಯೇ ಬಿಸಿಯಾಗಿ ಸಿಪ್ಪೆ ಹಸಿರು, ಒಳಗೆ ಮೆತ್ತಗೆ ಆಗಿ ಹಾಳಾಗಿತ್ತು. ಸಾವ್ಕಾರರು ಸಿಟ್ಟಿನಲ್ಲಿ "ಇನ್ನೊಂದ್ ಸಲ ಹಿಂಗಾದ್ರ ನಾ ಬ್ಯಾರೆ ಮಂದೀನ ನೋಡ್ಕೋಬೇಕಾಗ್ತದ" ಎಂದಿದ್ದರು. ನನಗೆ ಹೆದರಿಕೆ ಹೊಕ್ಕಿತು. ಮಂಗಳವಾರ ಸಂಜೆ ಬಾಗಿಲು ತೆರೆಯಲಿಲ್ಲ. ಬುಧವಾರ ಬೆಳಿಗ್ಗೆಯೂ ತೆರೆಯಲಿಲ್ಲ. ಎರಡೂ ಸಲ ರಜಿಸ್ಟರಿನಲ್ಲಿ "ತೆರೆದಿದೆ" ಎಂದು ಬರೆದು ಸಹಿ ಮಾಡಿದೆ.

ಬುಧವಾರ ಹನ್ನೊಂದರ ಸುಮಾರಿಗೆ ಹೊರಗಿನ ಮೀಟರು ಇರಬೇಕಾದ್ದಕ್ಕಿಂತ ಎರಡು ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಕಾಯಿಗಳ ಸ್ವಂತ ಬಿಸಿ ಅದು. ಉಸಿರು ಜೋರಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನನಗೆ ಮಾತ್ರ ಹಣ್ಣಿನ ಬಣ್ಣದ್ದೇ ಚಿಂತೆ. ನಿನ್ನನ್ನು ಕರೆದು, "ಕಾಕಾ, ಹಿಂದಿನ ಸಾಲಿಂದ ಒಂದು ಚಿಪ್ಪು ತಗೊಂಡ್ ಬಾ. ಲಗೂ ಬಾ. ಬಾಗಲ ಎಳಕೋ, ತಂಪು ಹೊಂಟು ಹೋಗ್ತದ" ಎಂದೆ. ನಾನೇ ಅಂದದ್ದು ಅದು. ನೀನು "ಹೂಂ ಮೇಡಂ" ಎಂದು ಒಳಗೆ ಹೋಗಿ, ನಾನು ಹೇಳಿದಂತೆಯೇ ಬಾಗಿಲು ಎಳೆದುಕೊಂಡೆ. ನಾನು ಆಫೀಸಿಗೆ ಹೋಗಿ ಫೋನಿನಲ್ಲಿ ಒಬ್ಬ ವ್ಯಾಪಾರಿಯ ಜೊತೆ ಮಾತಿಗಿಳಿದೆ. ಏಳೆಂಟು ನಿಮಿಷ ಆಗಿರಬಹುದು. ಗುಫ್ರಾನ್ ಬಂದು "ಚಾಚಾ ಎಲ್ಲಿ ಹೋಗ್ಯಾನ?" ಎಂದು ಕೇಳಿದಾಗ ಫೋನು ಅಲ್ಲೇ ಬಿಟ್ಟು ಎರಡನೇ ಕೋಣೆಗೆ ಓಡಿ ಬಾಗಿಲು ತೆರೆದೆ.

ಹಿಂದಿನ ಸಾಲಿನ ಬಳಿ ನೀನು ಮುಗ್ಗರಿಸಿ ಒಂದು ಕ್ರೇಟಿನ ಮೇಲೆ ಬಿದ್ದಿದ್ದೆ. ಗುಫ್ರಾನ್ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಓಡಿಹೋಗಿ ನಿನ್ನ ಕಾಲು ಹಿಡಿದು ಎಳೆದು ತಂದ. ತಂದವನು ಹೊರಗೆ ತಲೆ ಹಿಡಿದುಕೊಂಡು ಕೂತ. "ತಲಿ ಗಿರ್ರ್ ಅಂತು. ರೋಜಾ ಅದ, ಬಿಸಲಿಗಿ ಆಗಿರಬೇಕು" ಎಂದ. ನಾನು ಅವನಿಗೂ ಏನೂ ಹೇಳಲಿಲ್ಲ. ನಿನ್ನ ಮುಖ ಬೂದಿಯ ಬಣ್ಣವಾಗಿತ್ತು. ಗಾಳಿ ತಾಗಿ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟೆ, ಆದರೆ ನಾಲಗೆ ತೊದಲುತ್ತಿತ್ತು, ಎದ್ದು ನಿಂತರೆ ಓಲಾಡುತ್ತಿದ್ದೆ. ಮೇಲಾಗಿ ನಿನ್ನ ಅಂಗಿಯಿಂದ ಸಾರಾಯಿಯಂಥ ವಾಸನೆ. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ "ಮತ್ತ ಸುರು ಮಾಡ್ಯಾನ" ಎಂದರು.

ಆ ವಾಸನೆ ಎಲ್ಲಿಯದು ಎಂದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಆಮ್ಲಜನಕ ಸಿಗದಿದ್ದಾಗ ಕೋಶಗಳು ಸಕ್ಕರೆಯನ್ನು ಪೂರ್ತಿ ಉರಿಸಲಾರವು, ಅರ್ಧಕ್ಕೇ ಬಿಡುತ್ತವೆ. ಹಾಗೆ ಅರ್ಧ ಉರಿದಾಗ ಸಿಗುವ ಶಕ್ತಿ ತೀರ ಕಡಿಮೆ. ಮೂಟೆ ಹೊತ್ತು ಓಡಿದಾಗ ನಿನ್ನ ತೊಡೆಗಳು ಉರಿಯುತ್ತಿದ್ದವಲ್ಲ, ಅಲ್ಲಿಯೂ ಇದೇ ಆಗುವುದು, ಉಸಿರು ಸಾಲದೆ ಮಾಂಸದಲ್ಲಿ ಆಮ್ಲ ಹುಟ್ಟುತ್ತದೆ. ಹಣ್ಣಿನಲ್ಲಾದರೆ ಆಮ್ಲದ ಬದಲು ಮದ್ಯ ಹುಟ್ಟುತ್ತದೆ. ಎರಡನೇ ಕೋಣೆಯ ಹಣ್ಣುಗಳು ಗಾಳಿಯಿಲ್ಲದೆ ಹುಳಿಯತೊಡಗಿದ್ದವು. ನೀನು ಬಿದ್ದ ಕ್ರೇಟಿನ ರಸ ಅಂಗಿಗೆ ಮೆತ್ತಿತ್ತು. ಕಾಲೇಜಿನಲ್ಲಿ ಈ ಪ್ರಶ್ನೆಗೆ ನಾನು ಪೂರ್ತಿ ಅಂಕ ತೆಗೆದುಕೊಂಡವಳು. ನಿನ್ನ ತಲೆಗೆ ಆಗಿದ್ದೂ ಅಷ್ಟೇ. ಬೆಳಿಗ್ಗೆ ಕಾಕಿ ಮಾಡಿಕೊಟ್ಟ ಎರಡು ರೊಟ್ಟಿ ಹೊಟ್ಟೆಯಲ್ಲಿದ್ದವು, ರಕ್ತದಲ್ಲಿ ಸಕ್ಕರೆಯಿತ್ತು, ಆದರೆ ಅದನ್ನು ಉರಿಸುವ ಗಾಳಿಯಿಲ್ಲದೆ ಮಿದುಳಿನ ಕೋಶಗಳು ಒಂದೊಂದಾಗಿ ನಂದತೊಡಗಿದ್ದವು. ಇನ್ನೆರಡು ನಿಮಿಷವಾಗಿದ್ದರೆ ನಾನು ಈ ಪತ್ರವನ್ನು ಯಾರಿಗೆ ಬರೆಯುತ್ತಿದ್ದೆ?

ಹುಮನಾಬಾದ ರಸ್ತೆಯ ದವಾಖಾನೆಯಲ್ಲಿ ಡಾಕ್ಟರು ಆಕ್ಸಿಜನ್ ಹಚ್ಚಿ, "ಇವರು ಕುಡೀತಾರೇನು?" ಎಂದು ನನ್ನನ್ನೇ ಕೇಳಿದರು. ನಾನು "ಮೊದಲ ಕುಡೀತಿದ್ರು" ಎಂದೆ. ಅಷ್ಟೇ. ಅದು ಸುಳ್ಳಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಕೋಣೆಯ ಮಾತು ಎತ್ತಿದ್ದರೆ ಅವರಿಗೆ ಕ್ಷಣದಲ್ಲಿ ತಿಳಿಯುತ್ತಿತ್ತು. ಎತ್ತಲಿಲ್ಲ. ಓದಿದವಳ ಮಾತು ಎಂದು ಅವರು ನಂಬಿದರು, ಸಾವ್ಕಾರರೂ ನಂಬಿ ನಿನ್ನನ್ನು ಕೆಲಸದಿಂದ ತೆಗೆದರು. ಆದರೆ ಇವೆಲ್ಲಕ್ಕಿಂತ ನನ್ನನ್ನು ಇವತ್ತಿಗೂ ಸುಡುವುದು ಸಂಜೆಯ ಮಾತು. ಕೋಟನೂರಿನ ಮನೆಯಲ್ಲಿ ನೀನು ಮಂಚದ ಮೇಲೆ ಮಲಗಿದ್ದೆ, ತಲೆ ಸಿಡಿಯುತ್ತಿದೆ ಎನ್ನುತ್ತಿದ್ದೆ, ಒಳಗೆ ಹೋದದ್ದರ ಮುಂದಿನದು ಏನೂ ನೆನಪಿಲ್ಲ ಎನ್ನುತ್ತಿದ್ದೆ. ನನ್ನ ಕೈ ಹಿಡಿದು ಕೇಳಿದೆ: "ಸುಜೂ, ಎಲ್ಲಾರೂ ಅನ್ನಾಕತ್ತಾರ. ನನಗ ಖಬರಿಲ್ಲ. ನೀ ಓದಾಕಿ ಇದ್ದಿ, ನೀ ಹೇಳು. ನಾ ಕುಡದೀನೇನು?" ನೀನು ನಿನ್ನನ್ನೇ ನಂಬದೆ ನನ್ನನ್ನು ನಂಬಿ ಕೇಳಿದ್ದೆ ಕಾಕಾ. ನಾನು ಕೈ ಬಿಡಿಸಿಕೊಂಡು "ನನಗೇನು ಗೊತ್ತು" ಎಂದೆ.

ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ, ರಜಿಸ್ಟರಿನ ಸುಳ್ಳು ಹೊರಗೆ ಬೀಳುತ್ತದೆ ಎಂಬ ಭಯವಿತ್ತು, ನಿಜ. ಅದಕ್ಕಿಂತ ದೊಡ್ಡ ಕಾರಣ ಬೇರೆ. ಓಣಿಯಲ್ಲಿ ಎಲ್ಲರೂ ತಮ್ಮ ಹೆಣ್ಣುಮಕ್ಕಳಿಗೆ ನನ್ನನ್ನು ತೋರಿಸಿ "ಸುಜಾತಾನ್ನ ನೋಡಿ ಕಲೀರಿ" ಎನ್ನುತ್ತಿದ್ದರು. ಆ ಹೆಸರು ಉಳಿಸಿಕೊಳ್ಳಲು ನಿನ್ನ ಹೆಸರು ತೆತ್ತೆ. ಕಾಕಿ ನಿನ್ನ ಜೊತೆ ಮಾತು ಬಿಟ್ಟಳು, ತಟ್ಟೆ ಮುಂದಿಟ್ಟು ಮುಖ ತಿರುಗಿಸುತ್ತಿದ್ದಳು. ನೀನು ಭಾನುವಾರ ವಿಹಾರಕ್ಕೆ ಹೋಗುವುದನ್ನು ನಿಲ್ಲಿಸಿದೆ. ಏಪ್ರಿಲ್ ಹದಿನಾಲ್ಕರಂದು ಓಣಿಯೆಲ್ಲ ಭೀಮ ಜಯಂತಿಯ ಮೆರವಣಿಗೆಗೆ ಹೊರಟಾಗ ನೀನು ಹಿತ್ತಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದೆ. ಡೊಳ್ಳಿನ ಸದ್ದು ಮನೆಯ ಮುಂದೆ ಹಾದುಹೋಗುವಾಗ ಕಾಕಿ "ನನ್ನ ಕಣ್ಣ ಮುಂದ ಇರಬ್ಯಾಡ, ಎಲ್ಲಿಗರ ಹೋಗು" ಎಂದಳು. ನಾನು ಅಲ್ಲೇ ಅಡುಗೆಮನೆಯಲ್ಲಿ ಇದ್ದೆ. ಮರುದಿನ ಬೆಳಿಗ್ಗೆ ನೀನಿರಲಿಲ್ಲ.

ಆಗಸ್ಟ್ ತನಕ ಹೀಗೇ ಇದ್ದೆ. ಶ್ರಾವಣದಲ್ಲಿ ಮತ್ತೆ ಎಲ್ಲ ಕೋಣೆಗಳೂ ತುಂಬಿದವು. ಆ ಫ್ಯಾನು ಇನ್ನೂ ದುರಸ್ತಿಯಾಗಿರಲಿಲ್ಲ. ಕುಡಿದು ಬಿದ್ದವನ ಕಥೆ ಇದ್ದ ಮೇಲೆ ಫ್ಯಾನಿನ ಚಿಂತೆ ಯಾರಿಗೆ? ನಾನು ಮಾತ್ರ ಎರಡು ಹೊತ್ತೂ ಬಾಗಿಲು ತೆರೆಸುತ್ತಿದ್ದೆ. ನನಗೆ ರಜೆಯಿದ್ದ ಒಂದು ದಿನ ಬೇರೆಯವರು ತೆರೆಯುವುದು ಮರೆತರು. ಹಣ್ಣು ಆರಿಸುವ ನಮ್ಮ ಬಂಡೆಮ್ಮ ಒಳಗೆ ಹೋದಳು. ಬಾಗಿಲ ಹತ್ತಿರವೇ ಇದ್ದದ್ದರಿಂದ ತಲೆ ಸುತ್ತಿದೊಡನೆ ಹೊರಗೆ ಬಂದು ಕುಸಿದಳು, ಜೀವಕ್ಕೆ ಏನೂ ಆಗಲಿಲ್ಲ. ಮರುದಿನ ಹೋದಾಗ ಅಲ್ಲಿನವರು ನಗುತ್ತ ಹೇಳುತ್ತಿದ್ದರು: "ತುಕಾರಾಮನ ಕ್ವಾಣ್ಯಾಗ ಹೋಗಿ ಈಕೀನೂ ಕುಡದು ಬಂದಾಳ!" ಬಂಡೆಮ್ಮ ನಿನಗಿಂತ ದೊಡ್ಡವಳು, ಚಹಾ ಕೂಡ ಕುಡಿಯದವಳು. ಅವಳೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅವಳ ತುಟಿ ಇನ್ನೂ ಬಿಳಿಚಿಕೊಂಡಿತ್ತು. ನನ್ನ ಸುಳ್ಳು ನಿನ್ನನ್ನು ಊರು ಬಿಡಿಸಿ ಸುಮ್ಮನಾಗಿರಲಿಲ್ಲ, ಆ ಕೋಣೆಯಲ್ಲೇ ಇನ್ನೊಬ್ಬರಿಗಾಗಿ ಕಾದು ಕೂತಿತ್ತು.

ಸೀದಾ ಆಫೀಸಿಗೆ ಹೋಗಿ ಮಾರ್ಚಿನ ರಜಿಸ್ಟರು ತೆಗೆದು ಸಾವ್ಕಾರರ ಮುಂದಿಟ್ಟು ಎಲ್ಲ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಆ ಎರಡು ಸಾಲುಗಳನ್ನು ಓದಿ, "ಫ್ಯಾನಿಂದು ನನ್ನ ತಪ್ಪು ಅದ, ಅದನ್ನ ನಾ ಹೊರ್ತೀನಿ. ಆದ್ರ ಆ ಮನಷ್ಯಾನ್ನ ನಾ ಹೊರಗ ಹಾಕಿದ್ದು ನಿಮ್ಮ ಮಾತಿನ ಮ್ಯಾಲ" ಎಂದರು. ಅಂದೇ ಮೆಕ್ಯಾನಿಕ್ಕನ್ನು ಕರೆಸಿದರು. ಈಗ ಪ್ರತಿ ಕೋಣೆಗೂ ಗಾಳಿ ಅಳೆಯುವ ಮೀಟರು ಬಂದಿದೆ. ನಾನು ರಾಜೀನಾಮೆ ಬರೆದುಕೊಟ್ಟೆ, ಅವರು ತೆಗೆದುಕೊಂಡರು. ಬಂಡೆಮ್ಮನ ಮನೆಗೂ ಹೋಗಿ ಹೇಳಿ ಬಂದೆ.

ಕಾಕಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಮೊದಲ ಸಲ ಹೇಳಿದಾಗ ಆಕೆ ನಂಬಲೇ ಇಲ್ಲ. "ಹಣ್ಣು ಉಸಿರಾಡಿ ಮನಷ್ಯಾನ್ನ ಕೆಡವ್ತಾವೇನು? ನಿಮ್ಮ ಕಾಕಾನ್ನ ಉಳಿಸಾಕ ಕಥಿ ಕಟ್ಟಬ್ಯಾಡ" ಎಂದಳು. ಅದಕ್ಕೆ ಕಮಲಾಪುರದಿಂದ ಎರಡು ಡಜನ್ ದೋರೆಗಾಯಿ ಬಾಳೆ ತೆಗೆದುಕೊಂಡು ಹೋಗಿ ಆಕೆಯ ಎದುರಿಗೇ ಮುಚ್ಚಳದ ಬಕೆಟ್ಟಿಗೆ ತುಂಬಿದೆ. ಆಕೆಯ ಎಲೆಯಡಿಕೆಯ ಸುಣ್ಣವನ್ನೇ ನೀರಿಗೆ ಹಾಕಿ, ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನು ಒಂದು ಬಟ್ಟಲಲ್ಲಿ ಬಸಿದು ಹಣ್ಣಿನ ಮೇಲಿಟ್ಟು ಮುಚ್ಚಳ ಬಿಗಿದೆ. ಮರುದಿನ ಬೆಳಿಗ್ಗೆ ತೆರೆದಾಗ ತಿಳಿನೀರು ಹಾಲಿನಂತೆ ಬೆಳ್ಳಗಾಗಿತ್ತು. ಹಣ್ಣಿನ ಉಸಿರಿನಲ್ಲಿರುವ ಗಾಳಿ ಸುಣ್ಣದ ನೀರನ್ನು ಹಾಗೆ ಮಾಡುತ್ತದೆ ಎಂದೆ. ಮೇಣಬತ್ತಿಯನ್ನು ತಂತಿಗೆ ಕಟ್ಟಿ ಹಚ್ಚಿ ಆಕೆಯ ಕೈಗೇ ಕೊಟ್ಟೆ, ನಿಧಾನ ಬಕೆಟ್ಟಿಗೆ ಇಳಿಸು ಎಂದೆ. ಬಕೆಟ್ಟಿನ ಕಂಠಕ್ಕೆ ಬರುವಷ್ಟರಲ್ಲಿ ದೀಪ ಆರಿತು. ಮತ್ತೆ ಹಚ್ಚಿದೆವು, ಮತ್ತೆ ಆರಿತು. ಮೂರನೇ ಸಲ ಆಕೆಯೇ ಕಡ್ಡಿ ಗೀರಿದಳು. ಅದು ಆರಿದ ಮೇಲೆ ಬಗ್ಗಿ ಬಕೆಟ್ಟಿನೊಳಗೆ ಮೂಸಿ ನೋಡಿದಳು. ಸಣ್ಣಗೆ ಆ ಹುಳಿವಾಸನೆ ಬರುತ್ತಿತ್ತು.

ಆಕೆ ಕೂತಲ್ಲೇ ಕೂತಳು. ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. "ಅಂವ ನಿನ್ನ ಕೈ ಹಿಡದು ಕೇಳಿದ್ದ. ನಾ ಬಾಗಲದಾಗ ನಿಂತಿದ್ದೆ. ನೀ ಏನಂತಿ ಅಂತ ಕೇಳಾಕ ನಿಂತಿದ್ದೆ" ಎಂದಳು. ಅಂದು ಆಕೆ ನಿಂತಿದ್ದು ನನಗೆ ಗೊತ್ತೇ ಇರಲಿಲ್ಲ ಕಾಕಾ. ನಾನು "ಇಲ್ಲ, ನೀ ಕುಡಿದಿಲ್ಲ" ಎಂಬ ಮೂರು ಮಾತು ಆಡಿದ್ದರೆ ಆಕೆ ಅಂದೇ ಒಳಗೆ ಬಂದು ನಿನ್ನ ತಲೆ ಒತ್ತುತ್ತಿದ್ದಳು. ಇಷ್ಟು ಹೇಳಿದ ಮೇಲೆ ಆಕೆ ಬಕೆಟ್ಟು ಎತ್ತಿಕೊಂಡು ಹೋಗಿ ಹಣ್ಣನ್ನೆಲ್ಲ ಪಕ್ಕದ ಮನೆಯ ಆಡಿಗೆ ಸುರಿದಳು. ಬಂದು, "ನೀ ಈಗ ಹೋಗು" ಎಂದಳು. ಇವತ್ತಿಗೆ ಮೂರು ವಾರ, ನನ್ನ ಜೊತೆ ಮಾತಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ.

ಹೋದ ಭಾನುವಾರ ಕೋಟನೂರಿನ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಎದ್ದು ನಿಂತೆ. ಕಾಕಿ ಮುಂದಿನ ಸಾಲಿನಲ್ಲಿದ್ದಳು, ತಲೆ ತಗ್ಗಿಸಿ ಕೂತಿದ್ದಳು. ತುಕಾರಾಮ ಕಾಕಾ ಶೀಲ ಮುರಿದಿಲ್ಲ, ಮುರಿದವಳು ನಾನು, ಸುಳ್ಳಾಡಬಾರದೆಂಬ ಶೀಲ ನನಗೂ ಇತ್ತು ಎಂದು ಹೇಳಿದೆ. ಬಾಗಿಲು ತೆರೆಯದ್ದು, ಒಳಗೆ ಕಳಿಸಿದ್ದು, ಡಾಕ್ಟರ ಮುಂದೆ ಹೇಳಿದ್ದು, ಮಂಚದ ಬಳಿ ಹೇಳದ್ದು ಎಲ್ಲವನ್ನೂ ಹೇಳಿದೆ. ಮಾತು ಮುಗಿದಾಗ ಯಾರೂ ನನ್ನ ಮುಖ ನೋಡಲಿಲ್ಲ. ತಮ್ಮ ಮಗಳಿಗೆ ನನ್ನನ್ನು ತೋರಿಸಿ ಮಾತಾಡುತ್ತಿದ್ದ ಹೆಂಗಸೊಬ್ಬರು ಮಗಳ ಕೈ ಹಿಡಿದು ಎದ್ದು ಹೋದರು. ವಿಹಾರದ ಹಿರಿಯರು ಮಾತ್ರ ಕೇಳಿದರು: "ಇದನ್ನ ನಮಗ ಹೇಳಿದಿ, ಛಲೋ ಆಯ್ತು. ಅವಗ ಹೇಳಿದ್ಯಾ?" ಇಲ್ಲ ಎಂದೆ. "ಮತ್ತ ಇಲ್ಲಿ ಯಾಕ ನಿಂತಿ?" ಎಂದರು. ಅಲ್ಲಿಂದ ಬಂದವಳು ಐದು ದಿನ ಹಾಳೆ ಹರಿಯುತ್ತ ಕೂತು ಇಂದು ಇಷ್ಟು ಬರೆದಿದ್ದೇನೆ.

ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ. ಕ್ಷಮೆ ಕೇಳಿದರೆ ನಿನ್ನ ಹತ್ತಿರ ಮತ್ತೆ ಏನನ್ನೋ ತೆಗೆದುಕೊಂಡಂತೆ. ನಿನ್ನಿಂದ ತೆಗೆದುಕೊಂಡದ್ದು ಈಗಾಗಲೇ ಬಹಳವಾಗಿದೆ. ನೀನು ಏಳು ತಿಂಗಳಿಂದ ನಿನ್ನ ಮೇಲೆ ನೀನೇ ಹೊರಿಸಿಕೊಂಡಿರುವ ಅನುಮಾನವನ್ನು ಇಳಿಸಿಬಿಡು, ಇಷ್ಟೇ ನನ್ನ ಬೇಡಿಕೆ. ಅಂದು ನಿನಗೆ ನೆನಪಿಲ್ಲದ ಆ ಹೊತ್ತಿನಲ್ಲಿ ನೀನು ಮಾಡಿದ್ದು ಇಷ್ಟು: ಅಣ್ಣನ ಮಗಳು ಹೇಳಿದ ಕೆಲಸಕ್ಕೆ ಹೋದೆ, ಉಸಿರು ಸಿಗಲಿಲ್ಲ, ಬಿದ್ದೆ. ಬೇರೇನೂ ನಡೆಯಲಿಲ್ಲ. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ನೋಡಬೇಡ, ಅದಕ್ಕೆ ನನ್ನಲ್ಲಿ ತಕರಾರಿಲ್ಲ.

ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಚಳಿ ಬರುವುದರೊಳಗೆ ಒಂದು ಕಂಬಳಿ ತೆಗೆದುಕೋ. ಅವ್ವ ನಿನ್ನನ್ನು ಬಹಳ ನೆನೆಸುತ್ತಾಳೆ, ಮೈದುನನಿಗೆ ತನ್ನ ಜೈ ಭೀಮ ಬರೆಯಲು ಹೇಳಿದಳು. ಗುಫ್ರಾನನೂ ಸಲಾಂ ಹೇಳಿದ್ದಾನೆ.

ನಿನ್ನ ಕಾಲಿಗೆರಗಿ,
ಸುಜಾತಾ

ತಾ.ಕ.: ಶನಿವಾರ ಬೆಳಿಗ್ಗೆ. ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಬಾಗಿಲಲ್ಲಿ ಕಾಕಿ ನಿಂತಿದ್ದಾಳೆ! ಬೆಳಗಿನ ಮೊದಲ ಬಸ್ಸಿಗೆ ಕಲಬುರಗಿಯಿಂದ ಬಂದಳಂತೆ. ಒಳಗೂ ಬರಲಿಲ್ಲ, ಅವ್ವ ಕೊಟ್ಟ ನೀರನ್ನೂ ಕುಡಿಯಲಿಲ್ಲ. "ಅವನ ಪತ್ತೆ ಕೊಡು" ಎಂದಳು. ಪತ್ರ ತೋರಿಸಿದೆ. "ಟಪಾಲಿಗಿ ಹಾಕಬ್ಯಾಡ, ನಾನೇ ಒಯ್ತೀನಿ. ಇವತ್ತಿನ ಗಾಡಿಗೇ ಹೋಗ್ತೀನಿ" ಎಂದಳು. ಆಕೆಯ ಚೀಲದಲ್ಲಿ ಇಸ್ತ್ರಿ ಮಾಡಿದ ನಿನ್ನ ಬಿಳಿ ಅಂಗಿ ಕಂಡಿತು. ಕಲಬುರಗಿಯ ಬಸ್ಸು ಬರುವ ಹೊತ್ತಾಯಿತು, ಆಕೆ ಅವಸರ ಮಾಡುತ್ತಿದ್ದಾಳೆ. ಕಾಕಾ, ಆಕೆ ನಿನ್ನ ಕಾಲು ಹಿಡಿಯಲು ಬರುತ್ತಿದ್ದಾಳೆ. ಹಿಡಿಯಗೊಡಬೇಡ. ಆಕೆ ನಂಬಿದ್ದು ನನ್ನ ಮೌನವನ್ನು, ಆಕೆಯ ತಪ್ಪು ಏನೂ ಇಲ್ಲ. ಪತ್ರ ಓದಿ ಮುಗಿಸುವ ತನಕ ಆಕೆಯನ್ನು ಬಾಗಿಲಲ್ಲಿ ನಿಲ್ಲಿಸಿಬಿಟ್ಟೀಯೆಂದು ಲಕೋಟೆಯ ಮೇಲೆಯೂ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ: ಕಾಕಿ ಬೆಳಗಿನಿಂದ ಏನೂ ತಿಂದಿಲ್ಲ.